ಎಣ್ಣೆ ಬೇಡದ ಯಂತ್ರ



ಈ ತಿಂಗಳ ಅಂಕಣದಲ್ಲಿ ದೂರದರ್ಶಕ ಯಂತ್ರದ ಒಂದು ಅಂಗೈಯಗಲದ ಭಾಗದ ವಿಷಯವಾಗಿ ಬರೆಯಬೇಕೆಂದಿದ್ದೇವೆ. ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಇಂಥ ವಿಷಯವೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಈಚೆಗೆ ನಮ್ಮ ಸಮಾಜದ ಎಷ್ಟೋ ಮನೆಗಳಲ್ಲಿ ಮಕ್ಕಳ ಹಟಕ್ಕೆ ಮಣಿದು ದೂರದರ್ಶಕ ಕೊಡಿಸುತ್ತಿದ್ದಾರೆ. ಅದು ಆರು ತಿಂಗಳಲ್ಲಿ ಅಟ್ಟ ಸೇರಿರುವುದನ್ನೂ ನಾವು ಕಂಡಿದ್ದೇವೆ. ವಿಚಾರಿಸಿದರೆ ಕನ್ನಡಿ, ಗಾಜುಗಳೆಲ್ಲ ಚೆನ್ನಾಗಿಯೇ ಇರುತ್ತವೆ. ಕೆಟ್ಟಿರುವುದು ಈ ಚಿಕ್ಕ ಭಾಗ ಮಾತ್ರ. ಆದ್ದರಿಂದ ಇದು ಮನೆಯ ವಿಷಯವೇ ಆಗಿರುತ್ತದೆ. ಇದನ್ನು ಬರೆಯಲು ಇನ್ನೊಂದು ಕಾರಣವೂ ಉಂಟು. ಅಂಥದೊಂದು ಭಾಗವನ್ನು ನಾವೇ ನಮ್ಮ ಕೈಯಾರೆ ಕೆಡಿಸಿದೆವು. ಅದರ ದೋಷವನ್ನು ಹದಿನಾಲ್ಕು ವರುಷದ ಒಬ್ಬ ಬಾಲಕ ಕೆಲವು ದಿನ ಹೊರಬೇಕಾಯಿತು.

ನಮ್ಮ ಊರಿನ ಉಚಿತ ಪ್ರಸಾದ ನಿಲಯದ ಸಮಿತಿಯಲ್ಲಿ ನಾವು ಬಹುಕಾಲದಿಂದ ಇದ್ದೇವೆ. 2023ರಲ್ಲಿ ನಿಲಯದ ಹಳೆಯ ವಿದ್ಯಾರ್ಥಿಗಳು ವಂತಿಗೆ ಕೂಡಿಸಿ ಮಕ್ಕಳಿಗೆಂದು ಒಂದು ದೂರದರ್ಶಕವನ್ನು ತಂದುಕೊಟ್ಟರು. ನ್ಯೂಟನ್ನನು 1668ರಲ್ಲಿ ಮೊದಲಿಗೆ ಕಟ್ಟಿದ ಬಗೆಯದು. ಉದ್ದನೆಯ ಕೊಳವೆಯ ತಳದಲ್ಲಿ 200 ಮಿಲಿಮೀಟರ್ ಅಗಲದ ತಗ್ಗುಗನ್ನಡಿ. ಬಾಯಿಯ ಬಳಿ ಓರೆಯಾಗಿ ನಿಂತ ಚಿಕ್ಕದೊಂದು ಚಪ್ಪಟೆ ಕನ್ನಡಿ. ತಳದ ಕನ್ನಡಿ ಕೂಡಿಸಿದ ಬೆಳಕನ್ನು ಚಪ್ಪಟೆ ಕನ್ನಡಿ ಕೊಳವೆಯ ಪಕ್ಕಕ್ಕೆ ತಿರುಗಿಸುತ್ತದೆ, ಅಲ್ಲಿ ನಾವು ಕಣ್ಣಿಡುತ್ತೇವೆ. ಕತ್ತಲಲ್ಲಿ ಅರಳಿದ ನಮ್ಮ ಬರಿಗಣ್ಣು ಹಿಡಿಯುವುದಕ್ಕಿಂತ ಸುಮಾರು 800 ಪಟ್ಟು ಬೆಳಕನ್ನು ಅದು ಹಿಡಿಯುತ್ತದೆ. ಕೊಳವೆ ಕೂತಿರುವುದು ಮರದ ಹಲಗೆಯ ಸಾದಾ ಪೀಠದ ಮೇಲೆ. ಈ ಪೀಠದ ಮಾದರಿಯನ್ನು ಪ್ರಚಾರಕ್ಕೆ ತಂದ ಅಮೆರಿಕದ ಜಾನ್ ಡಾಬ್ಸನ್ ಎಂಬವರು ರಾಮಕೃಷ್ಣ ಪರಂಪರೆಯ ಆಶ್ರಮವೊಂದರಲ್ಲಿ 23 ವರುಷ ಸಂನ್ಯಾಸಿಯಾಗಿದ್ದವರು; ಮೂಲೆಗೆಸೆದ ಗಾಜು, ಹಲಗೆಗಳಿಂದ ದೂರದರ್ಶಕ ಕಟ್ಟಿ, ಸ್ಯಾನ್ ಫ್ರಾನ್ಸಿಸ್ಕೊ ನಗರದ ಬೀದಿಬದಿಯಲ್ಲಿ ದಾರಿಹೋಕರಿಗೆ ಆಕಾಶ ತೋರಿಸುತ್ತಿದ್ದರು.

ತಳದ ಕನ್ನಡಿಯಿಂದ ಹೊರಟ ಬೆಳಕು 1200 ಮಿಲಿಮೀಟರ್ ಸಾಗಿ ಒಂದೆಡೆ ಕೂಡುತ್ತದೆ. ಆ ಸ್ಥಳವನ್ನು ಪಠ್ಯಪುಸ್ತಕಗಳಲ್ಲಿ ಸಂಗಮ ಬಿಂದುವೆಂದು ಕರೆದಿದ್ದಾರೆ. ಸಂಗಮವೆಂದೊಡನೆ ನಮ್ಮ ವಾಚಕರ ಮನಸ್ಸು ಕೃಷ್ಣಾ ಮಲಪ್ರಭೆಯರ ಕಡೆಗೆ ಹರಿಯುವುದು ಸಹಜ, ಇಲ್ಲಿ ಕೂಡುವುದು ಮಾತ್ರ ಬೆಳಕಿನ ಕಿರಣಗಳು. ಕಣ್ಣಿಡುವ ಗಾಜಿನ ತುಣುಕಿಗೆ ಐಪೀಸ್ ಎನ್ನುತ್ತಾರೆ. ಅದನ್ನು ಸಂಗಮ ಬಿಂದುವಿಗೆ ಸರಿಯಾಗಿ ಹಿಂದೆ ಮುಂದೆ ಸರಿಸಿ ನಿಲ್ಲಿಸುವ ಭಾಗವೇ ಫೋಕಸರ್. ಗುಬುಟು ತಿರುಗಿಸಿದರೆ ಒಳಗಿನ ಕಿರುಗೊಳವೆ ಸರಿಯುತ್ತದೆ, ಅಷ್ಟೇ. ಆದರೆ ಎಷ್ಟು ನಿಖರವಾಗಿ ಸರಿಯಬೇಕೆಂಬುದನ್ನು ಲೆಕ್ಕ ಹಾಕಿದರೆ ಬೆರಗಾಗುತ್ತದೆ. ನಮ್ಮ ನಿಲಯದ ಯಂತ್ರದ ಅಳತೆಗೆ, ಬಿಂದುವಿನಿಂದ ಒಂದು ಮಿಲಿಮೀಟರಿನ ನೂರರಲ್ಲಿ ನಾಲ್ಕು ಪಾಲು ಆಚೀಚೆಯಾದರೆ ಚಿತ್ರದ ನಯ ಕೆಡಲು ಆರಂಭವಾಗುತ್ತದೆ. ಅದು ತಲೆಗೂದಲಿನ ದಪ್ಪಕ್ಕಿಂತ ಹೆಚ್ಚಲ್ಲ. ಬೆಲೆಬಾಳುವ ಕನ್ನಡಿ ಮಾಡಿದ ಕೆಲಸವೆಲ್ಲ ಈ ಗುಬುಟಿನ ವಿಧೇಯತೆಯ ಮೇಲೆ ನಿಂತಿದೆ.

2024ರ ನವೆಂಬರಿನಲ್ಲಿ, ಕಾರ್ತಿಕದ ಒಂದು ಸಂಜೆ, ನಿಲಯದ ಅಂಗಳದಲ್ಲಿ ಆಕಾಶವೀಕ್ಷಣೆ ಇಟ್ಟುಕೊಂಡಿದ್ದೆವು. ವಂತಿಗೆ ಕೊಟ್ಟವರಲ್ಲಿ ಹಲವರು ಕುಟುಂಬಸಮೇತ ಬಂದಿದ್ದರು. ಯಂತ್ರವನ್ನು ನೋಡಿಕೊಳ್ಳುವ ಹೊಣೆ ಒಂಬತ್ತನೆಯ ತರಗತಿಯ ಒಬ್ಬ ಬಾಲಕನದು. ಹೆಸರು ಬೇಡ, ದೂರದ ಹಳ್ಳಿಯವನು, ತಂದೆಯಿಲ್ಲ, ತಾಯಿ ಕೂಲಿ ಮಾಡಿ ಬದುಕುವವಳು. ಮೊದಲಿಗೆ ಶನಿಯನ್ನು ತೋರಿಸಿದ. ಆ ವರುಷ ಶನಿಯ ಬಳೆ ನಮ್ಮ ಕಡೆಗೆ ಬಹಳ ಕಡಿಮೆ ವಾಲಿತ್ತಾಗಿ ಗ್ರಹದ ನಡುವೆ ತೆಳುವಾದ ಗೆರೆ ಎಳೆದಂತೆ ಕಾಣುತ್ತಿತ್ತು. ಎಲ್ಲರೂ ಸಂತೋಷಪಟ್ಟರು. ಒಂಬತ್ತರ ಸುಮಾರಿಗೆ ಗುರುಗ್ರಹ ಪೂರ್ವದಲ್ಲಿ ಮನೆಗಳ ಮೇಲೆ ಏರಿತು. ಹುಡುಗ ಕೊಳವೆಯನ್ನು ಅತ್ತ ತಿರುಗಿಸಿ, ಸರಿಮಾಡಿ, ಹಿರಿಯರೊಬ್ಬರನ್ನು ಕರೆದ. ಅವರು ಕಣ್ಣಿಟ್ಟು, "ಬರೇ ಮಂಜು ಕಾಣತೈತಲ್ಲೋ" ಎಂದರು. ಅವನು ಮತ್ತೆ ಸರಿಮಾಡಿದ. ಮತ್ತೊಬ್ಬರು ಬರುವಷ್ಟರಲ್ಲಿ ಮತ್ತೆ ಮಂಜು. ಐಪೀಸಿನ ಭಾರಕ್ಕೆ ಕಿರುಗೊಳವೆ ತಾನಾಗಿ ಒಳಕ್ಕೆ ಜಾರುತ್ತಿತ್ತು. ಹುಡುಗ ಗಾಬರಿಯಾಗಿ ಅಡಿಯ ಸ್ಕ್ರೂವನ್ನು ಬಲವಾಗಿ ಬಿಗಿದ. ಆಗ ಗುಬುಟೇ ತಿರುಗದಾಯಿತು. ಸಡಿಲಿಸಿದರೆ ಜಾರುತ್ತದೆ, ಬಿಗಿದರೆ ಕದಲದು. ಸರದಿಯಲ್ಲಿ ನಿಂತಿದ್ದ ಮಕ್ಕಳು ಒಬ್ಬೊಬ್ಬರಾಗಿ ಚದುರಿದರು.

ಮೇಲ್ವಿಚಾರಕರು ಒಳ್ಳೆಯವರು, ಆದರೆ ಅಂದು ಬಂದವರ ಮುಂದೆ ಅವರಿಗೆ ಮುಖಭಂಗವಾಗಿತ್ತು. ಅಡಿಯ ಸ್ಕ್ರೂ ಅತಿಯಾಗಿ ಬಿಗಿದಿದ್ದುದನ್ನು ಕಂಡು, ಹುಡುಗನೇ ಕೈಯಾಡಿಸಿ ಕೆಡಿಸಿದನೆಂದು ತೀರ್ಮಾನಿಸಿದರು. ಯಂತ್ರ ಕಪಾಟು ಸೇರಿತು. ಕೀಲಿಕೈ ಅವನಿಂದ ಮೇಲ್ವಿಚಾರಕರ ಕೈಗೆ ಹೋಯಿತು. ಉಳಿದ ಹುಡುಗರು ಅವನಿಗೆ ಇಟ್ಟ ಅಡ್ಡಹೆಸರನ್ನು ಇಲ್ಲಿ ಬರೆಯುವುದು ಬೇಡ. ನಾವೂ ಸಮಿತಿಯ ಪರವಾಗಿ ಅವನಿಗೆ ಎರಡು ಮಾತು ಹೇಳಿದೆವು. ದಾನಿಗಳ ಹಣದ ಬೆಲೆ ತಿಳಿಯಬೇಕೆಂಬ ಅರ್ಥದ ಮಾತುಗಳು. ಅವನು ತಲೆ ತಗ್ಗಿಸಿ, "ಅಜ್ಜಾರ, ಶನಿ ನೋಡೂಮುಂದ ಸರಿ ನಿಂತಿತ್ರಿ. ಗುರು ಕೆಳಗ ಇತ್ತು ನೋಡ್ರಿ, ಅವಾಗ ಜಾರಿತ್ರಿ" ಎಂದ. ನೆಪ ಹೇಳುತ್ತಾನೆಂದು ನಾವು ಬಗೆದೆವು.

ಹತ್ತು ದಿನ ಕಳೆದ ಮೇಲೆ ನಮ್ಮ ಪರಿಚಯದ ನಿವೃತ್ತ ಭೌತಶಾಸ್ತ್ರ ಅಧ್ಯಾಪಕರೊಬ್ಬರು ಊರಿಗೆ ಬಂದಿದ್ದರು. ಬಹು ವರುಷಗಳಿಂದ ಈ ಹವ್ಯಾಸವಿರುವವರು. ಯಂತ್ರವನ್ನು ಅಂಗಳಕ್ಕೆ ತರಿಸಿ, ಮೊದಲು ನೆತ್ತಿಯ ಬಳಿಯ ಒಂದು ನಕ್ಷತ್ರಕ್ಕೆ ಗುರಿಯಿಟ್ಟು ಗುಬುಟನ್ನು ನಿಧಾನವಾಗಿ ಹಿಂದೆ ಮುಂದೆ ತಿರುಗಿಸಿದರು. ಎರಡೂ ಕಡೆ ಬೆಳಕಿನ ದುಂಡು ಬಿಲ್ಲೆ, ನಡುವೆ ಚೂಪಾದ ಚುಕ್ಕೆ. "ಕನ್ನಡಿ ನಿರ್ದೋಷಿ" ಎಂದರು. ಕನ್ನಡಿಯಲ್ಲೇ ದೋಷವಿದ್ದರೆ ಎಲ್ಲಿ ನಿಲ್ಲಿಸಿದರೂ ಚುಕ್ಕೆ ಚೂಪಾಗುವುದಿಲ್ಲವಂತೆ. 1990ರಲ್ಲಿ ಬಾಹ್ಯಾಕಾಶಕ್ಕೆ ಏರಿಸಿದ ಹಬಲ್ ದೂರದರ್ಶಕದ ಗತಿ ಹಾಗಾಗಿತ್ತು: ಅದರ ಕನ್ನಡಿಯ ಅಂಚು ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಪಾಲಿನಷ್ಟು ಹೆಚ್ಚು ಸವೆದಿತ್ತು. ಕನ್ನಡಿ ಉಜ್ಜುವಾಗ ಅಳೆಯಲು ಇಟ್ಟುಕೊಂಡಿದ್ದ ಸಲಕರಣೆಯೇ ತಪ್ಪಾಗಿ ಜೋಡಣೆಯಾಗಿತ್ತೆಂದು ಆಮೇಲಿನ ತನಿಖೆಯಲ್ಲಿ ಹೊರಬಂತು. ಬೇರೆ ಪರೀಕ್ಷೆಗಳು ದೋಷವನ್ನು ಮೊದಲೇ ತೋರಿಸಿದ್ದವು. ಯಾರೂ ಅವುಗಳನ್ನು ನಂಬಿರಲಿಲ್ಲ. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ ತಿದ್ದಿದ ಮೇಲೆಯೇ ಅದು ಸರಿಯಾಗಿ ಕಂಡದ್ದು.

ಅಧ್ಯಾಪಕರು ಆ ಬಾಲಕನನ್ನು ಕರೆಸಿ ನಡೆದುದನ್ನು ಕೇಳಿದರು. ಅವನು ನಮಗೆ ಹೇಳಿದ್ದನ್ನೇ ಅವರಿಗೂ ಹೇಳಿದ. ಅವರು ಥಟ್ಟನೆ ಎದ್ದು ಕೊಳವೆಯನ್ನು ತಗ್ಗಿಸಿ ತೋರಿಸಿದರು. ಫೋಕಸರ್ ಇರುವುದು ಕೊಳವೆಯ ಪಕ್ಕದಲ್ಲಿ, ಸ್ವಲ್ಪ ಮೇಲ್ಮುಖವಾಗಿ. ಕೊಳವೆ ನೆಟ್ಟಗೆ ನೆತ್ತಿಯನ್ನು ನೋಡುತ್ತಿದ್ದರೆ ಫೋಕಸರ್ ನೆಲಕ್ಕೆ ಸಮವಾಗಿ ಮಲಗುತ್ತದೆ, ಐಪೀಸಿನ ಭಾರ ಅದನ್ನು ಒಳಕ್ಕೆ ತಳ್ಳುವುದಿಲ್ಲ. ಕೊಳವೆ ತಗ್ಗಿದಷ್ಟೂ ಫೋಕಸರ್ ಮೇಲ್ಮುಖವಾಗಿ ಏಳುತ್ತದೆ, ಭಾರ ಒಳಕ್ಕೆ ಒತ್ತುತ್ತದೆ. ಅಂದು ಎತ್ತರದಲ್ಲಿದ್ದ ಶನಿಗೆ ಗುರಿಯಿಟ್ಟಾಗಿನ ಒತ್ತಡಕ್ಕಿಂತ, ತಗ್ಗಿನಲ್ಲಿದ್ದ ಗುರುವಿಗೆ ಗುರಿಯಿಟ್ಟಾಗಿನ ಒತ್ತಡ ಎರಡು ಪಟ್ಟಿಗೂ ಹೆಚ್ಚು. "ಇವನು ನೆಪ ಹೇಳಿಲ್ಲ, ರೋಗದ ಲಕ್ಷಣವನ್ನು ಹೇಳಿದ್ದಾನೆ" ಎಂದರು ಅವರು.

ಆಮೇಲೆ ಫೋಕಸರಿನ ಅಡಿಯ ತಟ್ಟೆಯನ್ನು ಬಿಚ್ಚಿದರು. ಒಳಗೆ ಹಲ್ಲುಗಳಿರಬಹುದೆಂದು ನಾವು ಎಣಿಸಿದ್ದೆವು; ಒಂದೂ ಇರಲಿಲ್ಲ. ಹಳೆಯ ಬಗೆಯ ಫೋಕಸರಿನಲ್ಲಿ ಹಲ್ಲಿನ ಪಟ್ಟಿಯೊಂದು ಕಿರುಗೊಳವೆಗೆ ಅಂಟಿಕೊಂಡಿರುತ್ತದೆ, ಹಲ್ಲಿನ ಚಿಕ್ಕ ಗಾಲಿ ಅದನ್ನು ತಳ್ಳುತ್ತದೆ. ಇದು ಕ್ರೇಫರ್ಡ್ ಮಾದರಿಯದು. ಕಿರುಗೊಳವೆಯ ಮೇಲ್ಬದಿಗೆ ನಾಲ್ಕು ಪುಟ್ಟ ಬೇರಿಂಗುಗಳು ಎರಡೆರಡಾಗಿ ಆತುಕೊಂಡಿರುತ್ತವೆ. ಕೆಳಬದಿಯನ್ನು ಚಪ್ಪಟೆಯಾಗಿ ಮಟ್ಟಮಾಡಿ, ಅಲ್ಲಿಗೆ ಒಂದು ಉಕ್ಕಿನ ಸರಳನ್ನು ಒತ್ತಿ ನಿಲ್ಲಿಸಿರುತ್ತಾರೆ. ಗುಬುಟು ತಿರುಗಿದರೆ ಸರಳು ತಿರುಗುತ್ತದೆ, ಬರಿಯ ಘರ್ಷಣೆಯಿಂದ ಕೊಳವೆ ಸರಿಯುತ್ತದೆ. ಹಲ್ಲಿಲ್ಲದ ಕಾರಣ ಹಲ್ಲುಗಳ ನಡುವಣ ಸಡಿಲವೂ ಇಲ್ಲ. ಕೂದಲೆಳೆಯ ನಿಖರತೆ ಬರುವುದು ಹಾಗೆ. ಲಂಡನ್ನಿನ ಆಗ್ನೇಯ ಅಂಚಿನ ಕ್ರೇಫರ್ಡ್ ಎಂಬಲ್ಲಿನ ಹವ್ಯಾಸಿಗಳ ಸಂಘದ ಜಾನ್ ವಾಲ್ ಎಂಬವರು ಇದನ್ನು ಕಂಡುಹಿಡಿದು, 1971ರಲ್ಲಿ ಬ್ರಿಟಿಷ್ ಖಗೋಳ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದಕ್ಕೆ ಪೇಟೆಂಟ್ ಪಡೆಯಲಿಲ್ಲ. ಹವ್ಯಾಸಿಗಳೆಲ್ಲ ಮಾಡಿಕೊಳ್ಳಲೆಂದು ಬಿಟ್ಟುಕೊಟ್ಟರು. ಇಂದು ಜಗತ್ತಿನ ಬಹಳಷ್ಟು ದೂರದರ್ಶಕಗಳಲ್ಲಿ ಅದೇ ಮಾದರಿ ನಡೆಯುತ್ತಿದೆ. ಕಾಯಕದ ಫಲವನ್ನು ಹೀಗೆ ಸಮೂಹಕ್ಕೆ ಸಲ್ಲಿಸುವುದಕ್ಕೆ ನಮ್ಮಲ್ಲಿರುವ ಹೆಸರನ್ನು ವಾಚಕರಿಗೆ ನಾವು ಹೇಳಬೇಕಾಗಿಲ್ಲ.

ಅಧ್ಯಾಪಕರು ಸರಳಿನ ಮೇಲೆ ಬೆರಳಾಡಿಸಿ ನೋಡಿದರು. ಬೆರಳು ಮಿಂಚಿತು. "ಇದು ಘರ್ಷಣೆಯಿಂದಲೇ ಬದುಕುವ ಯಂತ್ರ. ಇದಕ್ಕೆ ಎಣ್ಣೆ ಹಾಕಿದವರಾರು?" ಎಂದು ಕೇಳಿದರು.

ಎಲ್ಲರೂ ಹುಡುಗನ ಕಡೆಗೆ ನೋಡಿದರು. ಅವನು ಇಲ್ಲವೆಂದು ತಲೆಯಾಡಿಸಿದ. ನಮಗೆ ಆ ಕ್ಷಣದಲ್ಲೇ ನೆನಪಾಯಿತು. ಶ್ರಾವಣ ಮಾಸದಲ್ಲಿ ಒಂದು ದಿನ ನಿಲಯಕ್ಕೆ ಹೋದಾಗ, ಕಪಾಟಿನಲ್ಲಿದ್ದ ಯಂತ್ರದ ಗುಬುಟು ಬಿಗಿಯಾಗಿರುವುದನ್ನು ಕಂಡು, ಮಳೆಗಾಲದ ತುಕ್ಕು ಹಿಡಿದಿರಬೇಕೆಂದು ಎಣಿಸಿ, ಮರುದಿನ ಮನೆಯಿಂದ ಹೊಲಿಗೆ ಯಂತ್ರದ ಎಣ್ಣೆಯನ್ನು ಒಯ್ದು ಧಾರಾಳವಾಗಿ ಬಿಟ್ಟವರು ನಾವೇ. ಯಾರನ್ನೂ ಕೇಳಿರಲಿಲ್ಲ. ಎಣ್ಣೆ ಹಾಕಿದರೆ ಕೆಡುವ ಯಂತ್ರವೂ ಉಂಟೆಂದು ಕನಸಿನಲ್ಲೂ ತಿಳಿದಿರಲಿಲ್ಲ. ಹೇಳಿಬಿಡಬೇಕೆಂದುಕೊಂಡೆವು. ಆದರೆ ಮೇಲ್ವಿಚಾರಕರು, ಸಮಿತಿಯ ಇಬ್ಬರು, ಅಷ್ಟು ಮಂದಿ ಹುಡುಗರು ಅಲ್ಲಿದ್ದರು, ಬಾಯಿ ಬರಲಿಲ್ಲ. ಕತ್ತಲಾಯಿತೆಂದು ಹೇಳಿ ಮನೆಗೆ ಬಂದೆವು.

ರಾತ್ರಿ ಊಟಕ್ಕೆ ಕುಳಿತಾಗ ನಮ್ಮ ಮನೆಯವರು ಮೊಮ್ಮಗಳ ಲಂಗದ ಅಂಚು ಹೊಲಿಯುವ ಮಾತೆತ್ತಿ, "ಎಣ್ಣಿ ಡಬ್ಬಿ ನಿಲಯಕ್ಕ ಒಯ್ದಿದ್ರೆಲ್ಲ, ತಿರುಗಿ ತಂದ್ರೇನ್ರಿ?" ಎಂದು ಕೇಳಿದರು. ಅವರಿಗೆ ಏನೂ ಗೊತ್ತಿರಲಿಲ್ಲ. ತುತ್ತು ಗಂಟಲಲ್ಲಿ ಇಳಿಯಲಿಲ್ಲ. ನಡೆದುದನ್ನೆಲ್ಲ ಅವರಿಗೆ ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ಆ ಹುಡುಗ ಇವತ್ತ ಉಂಡಾನೋ ಇಲ್ಲೋ" ಎಂದಷ್ಟೇ ಅಂದರು.

ಮರುದಿನ ಬೆಳಿಗ್ಗೆ ಸಾಮೂಹಿಕ ಪ್ರಾರ್ಥನೆಯ ವೇಳೆಗೆ ನಿಲಯಕ್ಕೆ ಹೋದೆವು. ಪ್ರಾರ್ಥನೆ ಮುಗಿದ ಮೇಲೆ ಎಲ್ಲ ಹುಡುಗರ ಎದುರಿಗೆ, ಎಣ್ಣೆ ಹಾಕಿದವರು ನಾವೆಂದೂ, ನಿನ್ನೆ ಕೇಳಿದಾಗ ನೆನಪಿದ್ದೂ ಸುಮ್ಮನಿದ್ದೆವೆಂದೂ, ಇವನ ಮೇಲೆ ಬಂದ ಮಾತುಗಳೆಲ್ಲ ನಮಗೆ ಸಲ್ಲತಕ್ಕವೆಂದೂ ಹೇಳಿದೆವು. ಎರಡನೆಯದನ್ನು ಹೇಳುವಾಗ ಧ್ವನಿ ನಡುಗಿತು. ಮೇಲ್ವಿಚಾರಕರು ಕುಳಿತಲ್ಲಿಂದ ಎದ್ದು ಬಂದು ಹುಡುಗನ ಬೆನ್ನ ಮೇಲೆ ಕೈಯಿಟ್ಟರು. ನಾವು ಅವನಿಗೆ ಕೈಮುಗಿದಾಗ ಅವನು ಸಂಕೋಚದಿಂದ ಹಿಂದೆ ಸರಿದು, "ಇರಲಿ ಬಿಡ್ರಿ ಅಜ್ಜಾರ. ಈಗರೆ ಅದನ್ನ ಪೂರಾ ಬಿಚ್ಚೂಣೇನ್ರಿ?" ಎಂದು ಕೇಳಿದ.

ಬಿಚ್ಚಿದೆವು. ಕೈ ಅವನದು, ಮಾತು ಅಧ್ಯಾಪಕರದು, ಚಿಂದಿ ಬಟ್ಟೆ ಹಿಡಿದು ನಿಂತವರು ನಾವು. ವಾಚಕರ ಮನೆಯಲ್ಲೂ ಇಂಥ ಯಂತ್ರವಿದ್ದರೆ ಉಪಯೋಗವಾದೀತೆಂದು ಕ್ರಮವನ್ನು ಬರೆಯುತ್ತೇವೆ. ಮೊದಲು ಐಪೀಸನ್ನು ತೆಗೆದಿಟ್ಟು, ಕೊಳವೆಯನ್ನು ಅಡ್ಡಲಾಗಿ ಮಲಗಿಸಬೇಕು. ನಿಲ್ಲಿಸಿಕೊಂಡೇ ಬಿಚ್ಚಿದರೆ ಜಾರಿದ ಸ್ಕ್ರೂ ನೇರವಾಗಿ ತಳದ ಕನ್ನಡಿಯ ಮೇಲೆ ಬೀಳುತ್ತದೆ. ಫೋಕಸರಿನ ಪೀಠ ಕೊಳವೆಯ ಮೇಲೆ ಕೂತಿರುವ ಅಂಚಿಗೆ ಪೆನ್ಸಿಲಿನಿಂದ ಗುರುತು ಮಾಡಿಕೊಂಡರೆ ಮರುಜೋಡಣೆ ಸುಲಭ. ಅಡಿಯ ತಟ್ಟೆಯನ್ನೂ ಸರಳನ್ನೂ ತೆಗೆದು, ಕಿರುಗೊಳವೆಯನ್ನು ಹೊರಗೆಳೆದು, ಔಷಧದ ಅಂಗಡಿಯಲ್ಲಿ ಸಿಗುವ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಸರಳು ಮತ್ತು ಕೊಳವೆಯ ಚಪ್ಪಟೆ ಬದಿಯನ್ನು ಹತ್ತಿಗೆ ಕರೆ ಹತ್ತದಷ್ಟು ಹೊತ್ತು ಒರೆಸಬೇಕು. ಬೇರಿಂಗುಗಳ ಹೊರ ಅಂಚನ್ನು ಮಾತ್ರ ಒರೆಸತಕ್ಕದ್ದು. ಸ್ಪಿರಿಟನ್ನು ಅವುಗಳ ಒಳಕ್ಕೆ ಇಳಿಯಬಿಟ್ಟರೆ ಅಲ್ಲಿರಬೇಕಾದ ಜಿಡ್ಡೂ ತೊಳೆದುಹೋಗುತ್ತದೆ. ಗಾಜಿಗೂ ಕನ್ನಡಿಗೂ ಆ ಹತ್ತಿಯನ್ನು ಸೋಂಕಿಸಲೇಕೂಡದು.

ಒರೆಸುವಾಗ ಕೊಳವೆಯ ಚಪ್ಪಟೆ ಬದಿಯಲ್ಲಿ ಒಂದು ಸಣ್ಣ ತಗ್ಗು ಕಂಡಿತು. ಹುಡುಗ ಅಂದು ಬಿಗಿದಾಗ ಸರಳು ಒತ್ತಿ ಮೂಡಿದ ಗುರುತು. ಅವನ ಮುಖ ಬಾಡಿತು. ಅಧ್ಯಾಪಕರು ಉಗುರಿನಿಂದ ಸವರಿ ನೋಡಿ, ಉಗುರಿಗೆ ತಡೆಯುವಷ್ಟಿಲ್ಲ, ಚಿಂತೆಯಿಲ್ಲವೆಂದರು.

ಜೋಡಿಸಿದ ಮೇಲೆ ಅಡಿಯ ಎರಡು ಸ್ಕ್ರೂಗಳ ಮರ್ಮವನ್ನು ಅವರು ತಿಳಿಸಿದರು. ಒಂದು, ಸರಳಿನ ಒತ್ತಡವನ್ನು ಹೆಚ್ಚು ಕಡಿಮೆ ಮಾಡುವುದು. ಅದನ್ನು ಕಾಲು ಸುತ್ತು, ಕಾಲು ಸುತ್ತಾಗಿ ಬಿಗಿಯುತ್ತ, ನಮ್ಮಲ್ಲಿರುವ ಅತಿ ಭಾರದ ಐಪೀಸನ್ನು ಹಾಕಿ, ಕೊಳವೆಯನ್ನು ತಗ್ಗಿಸಿದರೂ ಜಾರದಷ್ಟಕ್ಕೆ ನಿಲ್ಲಿಸಬೇಕು. ಇನ್ನೊಂದು, ಒಮ್ಮೆ ಹೊಂದಿಸಿದ್ದು ಕದಲದಂತೆ ಬಂಧಿಸುವ ಸ್ಕ್ರೂ. ನೋಡುವಾಗ ಅದು ಸಡಿಲವಿರತಕ್ಕದ್ದು. ಬೇಸಗೆ ರಜೆಗೆ ಮುಂಚೆ ಯಂತ್ರವನ್ನು ಕಪಾಟಿಗೆ ಸೇರಿಸುವಾಗ ಕಿರುಗೊಳವೆ ಅಲ್ಲಾಡದಿರಲೆಂದು ಹುಡುಗ ಈ ಎರಡನೆಯದನ್ನು ಬಿಗಿದಿಟ್ಟಿದ್ದನಂತೆ. ಶ್ರಾವಣದಲ್ಲಿ ನಾವು ತುಕ್ಕೆಂದು ಬಗೆದದ್ದು ಅದನ್ನೇ.

ಹಲ್ಲಿನ ಪಟ್ಟಿಯ ಫೋಕಸರಿಗೆ ಉಪಚಾರ ಬೇರೆ. ಮಕ್ಕಳಿಗೆ ಕೊಡಿಸುವ ಚಿಕ್ಕ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದು ಅದೇ. ಅದರಲ್ಲಿ ತುಂಬಿರುವ ಗ್ರೀಸು ಕಾಲಕ್ರಮದಲ್ಲಿ ಅಂಟಾಗುತ್ತದೆ, ಗುಬುಟು ತಿರುಗಿಸಿದರೆ ಚಿತ್ರ ಜಿಗಿಯುತ್ತದೆ. ಹಳೆಯ ಗ್ರೀಸನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ, ಒಣಗಿಸಿ, ಹಲ್ಲುಗಳಿಗೆ ಹೊಸ ಗ್ರೀಸನ್ನು ತೀರ ತೆಳ್ಳಗೆ ಸವರಬೇಕು. ಕಿರುಗೊಳವೆಯೇ ಒಳಗೆ ಅಲ್ಲಾಡುತ್ತಿದ್ದರೆ ಒಳಗೋಡೆಗೆ ನಯವಾದ ಪ್ಲಾಸ್ಟಿಕ್ ಪಟ್ಟಿಯನ್ನು ಎರಡು ಮೂರು ಕಡೆ ಅಂಟಿಸಿದರೆ ಸಡಿಲ ತುಂಬುತ್ತದೆ. ಯಾವ ಬಗೆಯದೆಂದು ಬಿಚ್ಚಿ ನೋಡದೆ ಮಾತ್ರ ಎಣ್ಣೆಯ ಡಬ್ಬಿಗೆ ಕೈ ಹಾಕಬಾರದು. ಯಾವ ಬಗೆಯದಾದರೂ ಸರಿ, ರಿಪೇರಿಯಾಯಿತೇ ಎಂದು ಹಗಲಿನಲ್ಲಿ ಪರೀಕ್ಷಿಸುವಾಗ ದೂರದ ಮರವನ್ನೋ ಗೋಪುರವನ್ನೋ ನೋಡಬೇಕೇ ಹೊರತು ಕೊಳವೆಯನ್ನು ಸೂರ್ಯನ ಕಡೆಗೆ ತಿರುಗಿಸಲೇಕೂಡದು. ಕ್ಷಣಮಾತ್ರದಲ್ಲಿ ಕಣ್ಣು ಹೋಗುತ್ತದೆ. ತಾಯಂದಿರು ಇದನ್ನು ಮಕ್ಕಳಿಗೆ ಮತ್ತೆ ಮತ್ತೆ ಹೇಳಬೇಕು.

ಡಿಸೆಂಬರಿನಲ್ಲಿ ಮತ್ತೊಮ್ಮೆ ಎಲ್ಲರನ್ನೂ ಕರೆದೆವು. ಗುರುಗ್ರಹ ಆ ತಿಂಗಳ 7ರಂದು ಸೂರ್ಯನಿಗೆ ನೇರ ಎದುರಾಗಿ ಬಂದಿತ್ತಾಗಿ ಸಂಜೆಯೇ ಪೂರ್ವದಲ್ಲಿ ಪ್ರಕಾಶಮಾನವಾಗಿತ್ತು. ಕೊಳವೆಯನ್ನು ಬೇಕೆಂದೇ ಅದು ತಗ್ಗಿನಲ್ಲಿದ್ದಾಗ ಅತ್ತ ತಿರುಗಿಸಿದೆವು. ಬಿಲ್ಲೆಯ ಮೇಲೆ ಎರಡು ಕಂದು ಪಟ್ಟೆಗಳು. ಗೆಲಿಲಿಯೊ 1610ರಲ್ಲಿ ಕಂಡ ನಾಲ್ಕು ಉಪಗ್ರಹಗಳು ಗೆರೆ ಎಳೆದಂತೆ ಸಾಲಾಗಿ. ಒಬ್ಬರಾದ ಮೇಲೆ ಒಬ್ಬರು ನೋಡಿದರು, ಗುಬುಟನ್ನು ಮುಟ್ಟಬೇಕಾಗಲಿಲ್ಲ. ಹುಡುಗನ ತಾಯಿಯನ್ನೂ ಹೇಳಿಕಳಿಸಿ ಕರೆಸಿದ್ದೆವು. ಆಕೆ ಸೆರಗು ಸರಿಮಾಡಿಕೊಂಡು ಕಣ್ಣಿಟ್ಟು, ಎಷ್ಟು ಹೊತ್ತಾದರೂ ತೆಗೆಯಲಿಲ್ಲ. ಹಿಂದೆ ನಿಂತವರಾರೂ ಅವಸರಪಡಿಸಲಿಲ್ಲ.

ಕಪಾಟಿನ ಕೀಲಿಕೈ ಈಗ ಮತ್ತೆ ಹುಡುಗನ ಬಳಿಯಲ್ಲಿದೆ. ಯಂತ್ರವನ್ನು ಒಳಗಿಡುವ ಮುನ್ನ ಅವನು ನೋಟುಬುಕ್ಕಿನ ಹಾಳೆಯೊಂದನ್ನು ಹರಿದು, ಕೆಂಪು ಶಾಯಿಯಲ್ಲಿ ದಪ್ಪಕ್ಷರದಿಂದ "ಎಣ್ಣೆ ಹಾಕಬಾರದು" ಎಂದು ಬರೆದು ಕೊಳವೆಗೆ ಅಂಟಿಸಿದ. ಅಂಟಿಸುವಾಗ ನಮ್ಮ ಕಡೆಗೆ ನೋಡಿ, "ತಪ್ಪ ತಿಳೀಬ್ಯಾಡ್ರಿ ಅಜ್ಜಾರ" ಎಂದ. ಅಂಟು ಡಬ್ಬಿಯನ್ನು ಹಿಡಿದುಕೊಂಡಿದ್ದವರು ನಾವು.